ಡಾಕ್ಟರ್, ನರ್ಸ್, ಫಾರ್ಮಸಿ ಮಕ್ಕಳನ್ನು ಒಟ್ಟಿಗೆ ಕಲಿಸುವುದು ಹೇಗೆ?

ಬೆಂಗಳೂರಿನ ಎಷ್ಟೋ ಕ್ಯಾಂಪಸ್‌ಗಳಲ್ಲಿ ಮೆಡಿಕಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಎಲ್ಲ ಒಂದೇ ಕಾಂಪೌಂಡಿನೊಳಗೆ ಇರುತ್ತವೆ, ಆದರೆ ಮಕ್ಕಳು ಸೇರುವುದು ಕ್ಯಾಂಟೀನ್‌ನಲ್ಲಿ ಮಾತ್ರ. ಅಲ್ಲೂ ಬೇರೆ ಬೇರೆ ಟೇಬಲ್!

ಮೊದಲು ಲೆಕ್ಚರ್ ಬಿಡಿ. ಎಲ್ಲರನ್ನೂ ಒಂದು ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸಿದರೆ ಸುಮ್ನೆ ಜನ ಜಾಸ್ತಿ, ಅಷ್ಟೇ. ಒಬ್ಬರ ಬಗ್ಗೆ, ಒಬ್ಬರಿಂದ, ಒಬ್ಬರ ಜೊತೆ ಕಲಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ.

ಐದಾರು ಜನರ ಮಿಶ್ರ ಗುಂಪು ಮಾಡಿ, ಒಂದು ಕೇಸ್ ಕೊಡಿ. ನನ್ನ ಇಷ್ಟದ ಕೇಸ್ ಇದು: ಸ್ಟ್ರೋಕ್ ಆಗಿ ಮನೆಗೆ ಹೊರಟ ಅಜ್ಜಿ, ಯಶವಂತಪುರದಲ್ಲಿ ಎರಡನೇ ಮಹಡಿ, ಲಿಫ್ಟ್ ಇಲ್ಲ, ಸಕ್ಕರೆ ಕಾಯಿಲೆ, ದಿನಕ್ಕೆ ಒಂಬತ್ತು ಮಾತ್ರೆ, ನೀರು ಕುಡಿದರೆ ಕೆಮ್ಮು. ಮೆಡಿಕಲ್ ಹುಡುಗರು ಸ್ಕ್ಯಾನ್ ನೋಡುತ್ತಾ ಕೂರುತ್ತಾರೆ. ಮೆಟ್ಟಿಲು ಕಾಣುವುದು ಫಿಸಿಯೋ ಹುಡುಗಿಗೆ, ಮಾತ್ರೆಗಳ ಜಗಳ ಫಾರ್ಮಸಿಯವರಿಗೆ, ಆ ಕೆಮ್ಮು ನರ್ಸಿಂಗ್‌ನವರಿಗೆ. ಡಿಸ್ಚಾರ್ಜ್ ಪ್ಲಾನ್ ಒಂದೇ ಹಾಳೆಯಲ್ಲಿ, ಎಲ್ಲರೂ ಸೇರಿ ಬರೆಯಲಿ.

ಆಮೇಲೆ ಎಸ್‌ಬಿಎಆರ್ (SBAR) ಅಭ್ಯಾಸ, ಅಂದರೆ ರೋಗಿಯ ವಿಷಯವನ್ನು ಇನ್ನೊಬ್ಬರಿಗೆ ನಾಲ್ಕು ಹಂತದಲ್ಲಿ ಹೇಳುವ ಕ್ರಮ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತಿದೆ, ಏನು ಮಾಡಬೇಕು. ಫೋನ್‌ನಲ್ಲಿ ಹೇಳುವ ಹಾಗೆ, ಒಂದೇ ನಿಮಿಷದಲ್ಲಿ. ಪಾತ್ರ ಅದಲುಬದಲು ಮಾಡಿಸಿ. ನರ್ಸ್ ಪಾತ್ರದಲ್ಲಿ ನಿಂತು ಸಿಡುಕುವ ಡಾಕ್ಟರ್‌ಗೆ ವಿಷಯ ಹೇಳಬೇಕಾದಾಗ ಮೆಡಿಕಲ್ ವಿದ್ಯಾರ್ಥಿಯ ಮುಖ ನೋಡಬೇಕು ನೀವು!

ಕೊನೆಗೆ ಇಪ್ಪತ್ತು ನಿಮಿಷ ಚರ್ಚೆ. ಇದನ್ನು ಮಾತ್ರ ಬಿಡಬೇಡಿ. ನಡೆಸಲು ಬೇರೆ ಬೇರೆ ವಿಭಾಗದ ಇಬ್ಬರು ಮೇಷ್ಟ್ರು ಇರಲಿ, ಕನ್ನಡದಲ್ಲೇ ಮಾತಾಡಿದರೂ ಪರವಾಗಿಲ್ಲ, ಅಜ್ಜಿ ಮಾತಾಡುವುದೂ ಅದನ್ನೇ ಅಲ್ವಾ?