ಜೈಲಿನೊಳಗೆ ನಾನು ಮೊದಲು ಕೇಳುವ ಪ್ರಶ್ನೆ

‘ನೀನು ಏನು ಮಾಡಿದ್ದು?’ ಅಂತ ನಾನು ಯಾರನ್ನೂ ಮೊದಲು ಕೇಳುವುದಿಲ್ಲ. ಚಾರ್ಜ್‌ಶೀಟ್ ಆಯ್ತಾ, ವಕೀಲರು ಇದ್ದಾರಾ, ಮುಂದಿನ ಡೇಟ್ ಯಾವಾಗ, ಇಷ್ಟೇ. ಮಂಗಳೂರಿನ ಕೊಡಿಯಾಲಬೈಲ್ ಜೈಲಿಗೆ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ಸ್ವಯಂಸೇವಕಿಯಾಗಿ (ವಕೀಲಳಲ್ಲ, ಕಾನೂನು ನೆರವು ಮುಟ್ಟಿಸುವವಳು) ಹೋಗಿ ಹೋಗಿ ಕಲಿತದ್ದು ಇದು. ತಪ್ಪಿನ ಮಾತು ಅವರಾಗಿಯೇ ಎತ್ತಬೇಕು. ನಾವು ಕೆದಕಿದರೆ ಸಿಗುವುದು ಬರೀ ನೆಪ.

ಊರಿನವರಿಗೆ ಒಳಗೆ ಇರುವವರೆಲ್ಲ ಅಪರಾಧಿಗಳೇ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ (ಎನ್‌ಸಿಆರ್‌ಬಿ) 2022ರ ಲೆಕ್ಕದಲ್ಲಿ ದೇಶದ ಕೈದಿಗಳಲ್ಲಿ ನಾಲ್ವರಿಗೆ ಸುಮಾರು ಮೂವರು ವಿಚಾರಣಾಧೀನರು. ಕೋರ್ಟು ಇನ್ನೂ ಏನೂ ಹೇಳಿಲ್ಲ, ಅಷ್ಟರಲ್ಲಿ ಫೋಟೋ ಎಲ್ಲಾ ವಾಟ್ಸಾಪ್ ಗ್ರೂಪಿಗೂ ಹೋಗಿರುತ್ತದೆ. ಬೇಲ್ ಆದರೂ ಹೊರಗೆ ಬರಲಾಗದವರು ಉಂಟು. ಗದಗ, ಬಾಗಲಕೋಟೆಯಿಂದ ಕಟ್ಟಡ ಕೆಲಸಕ್ಕೆ ಬಂದವನಿಗೆ ಇಲ್ಲಿ ಜಮೀನಿನ ಆರ್‌ಟಿಸಿ ಹಿಡಿದು ಜಾಮೀನು ನಿಲ್ಲುವವರು ಯಾರು? ಬೇರೆ ಜಿಲ್ಲೆಯವರು ಅನ್ನುವ ಕಾರಣಕ್ಕೆ ಜಾಮೀನುದಾರರನ್ನು ತಿರಸ್ಕರಿಸಬಾರದು ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಮೋತಿರಾಮ್ ಪ್ರಕರಣದಲ್ಲಿ ಹೇಳಿದೆ. ಇಂಥ ಕೇಸಿನಲ್ಲಿ ನಾನು ವಕೀಲರಿಗೆ ಆ ತೀರ್ಪನ್ನು ನೆನಪಿಸುತ್ತೇನೆ.

ಕ್ಷಮೆಯ ವಿಷಯ ಇದಕ್ಕಿಂತ ಕಷ್ಟ. ಒಬ್ಬ ಹುಡುಗ, ಕೆಲಸಕ್ಕಿದ್ದ ಮನೆಯಿಂದಲೇ ಚಿನ್ನ ಕದ್ದವನು. ತಾಯಿ ಊರಿನ ದೈವಕ್ಕೆ ತಪ್ಪು ಕಾಣಿಕೆ ಹಾಕಿ ಬಂದಿದ್ದರು, ಅವರ ಮನಸ್ಸು ಸ್ವಲ್ಪ ಹಗುರವೂ ಆಗಿತ್ತು. ಆದರೆ ಚಿನ್ನ ಕಳಕೊಂಡ ಆ ಮನೆಯ ಅಕ್ಕ ಇದ್ದಾರಲ್ವಾ? ‘ಮೇಡಂ, ಒಂದು ಕಾಗದ ಬರೆದು ಕೊಡ್ತೇನೆ, ಅವರಿಗೆ ಮುಟ್ಟಿಸಿ’ ಅಂದ. ನಾನು ಒಪ್ಪಲಿಲ್ಲ. ಆರೋಪಿಯ ಮಾತನ್ನು ದೂರುದಾರರ ಮನೆಗೆ ಹೊತ್ತುಕೊಂಡು ಹೋದರೆ ಅದು ಒತ್ತಡ ಹಾಕಿದಂತೆ, ಬೇಲ್‌ಗೂ ತೊಂದರೆ. ಎಲ್ಲ ವಕೀಲರ ಮೂಲಕವೇ ಆಗಬೇಕು.

ಆದರೂ ಬರೆ ಅಂದೆ, ಅವನಿಗೋಸ್ಕರ. ಮೊದಲ ಸಲ ಪೂರ್ತಿ ಸಹವಾಸದ ಮೇಲೆ ಹಾಕಿದ್ದ. ಗೆಳೆಯರ ಹೆಸರು ತೆಗೆದು ಬರೆ, ನಿನ್ನ ಕೈ ಮಾಡಿದ್ದನ್ನು ಮಾತ್ರ ಬರೆ ಅಂದೆ. ತುಂಬಾ ಹೊತ್ತು ಸುಮ್ನೆ ಕೂತ. ಆಮೇಲೆ ಬರೆದದ್ದರಲ್ಲಿ ಸರ ಎಲ್ಲಿ ಅಡವಿಟ್ಟದ್ದು ಅನ್ನುವುದೂ ಇತ್ತು, ಅದನ್ನು ಅವನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹಾಳೆಯನ್ನು ವಕೀಲರಿಗೆ ಅವನೇ ಕೊಟ್ಟ, ಅವರು ಮುಂದಿನದ್ದು ನೋಡಿಕೊಂಡರು.

ಸರ ಕೋರ್ಟಿನ ಮೂಲಕ ಆ ಅಕ್ಕನಿಗೆ ಸಿಕ್ಕಿತು. ‘ಸರ ಬಂತು, ಆದರೆ ಕ್ಷಮಿಸಲಿಕ್ಕೆ ನನ್ನಿಂದ ಆಗುವುದಿಲ್ಲ’ ಅಂದರಂತೆ. ಅವರು ಹಾಗೆ ಹೇಳಿದ್ದು ಸರಿಯೇ. ಮನೆಯವನಂತೆ ಊಟ ಹಾಕಿದವರು ಅವರು. ‘ದೊಡ್ಡ ಮನಸ್ಸು ಮಾಡಿ’ ಅಂತ ಅವರಿಗೆ ಹೇಳುವ ಹಕ್ಕು ನನಗಾಗಲೀ ನೆರೆಕರೆಯವರಿಗಾಗಲೀ ಇಲ್ಲ. ಹಾಗೆಯೇ, ಏನೂ ಕಳಕೊಳ್ಳದ ನಾವು ಅವನನ್ನು ಜೀವಮಾನವಿಡೀ ಕಳ್ಳ ಅಂತ ಕರೆಯುವ ಹಕ್ಕೂ ನಮಗಿಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಅವನಿಗೆ ಏನಾಗಬೇಕು ಅಂತ ಕೋರ್ಟು ಹೇಳಲಿ.

ನಿಮ್ಮ ಪೈಕಿ ಯಾರಾದರೂ ಒಳಗಿದ್ದರೆ ಸಾಲ ಮಾಡಿ ವಕೀಲರನ್ನು ಹುಡುಕುವ ಮೊದಲು ಇದು ಗೊತ್ತಿರಲಿ: 1987ರ ಕಾನೂನು ಸೇವಾ ಕಾಯ್ದೆಯಂತೆ ಕಸ್ಟಡಿಯಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ.