ಕಿಡ್ನಿ ಬಯಾಪ್ಸಿ ರಿಪೋರ್ಟಲ್ಲಿ ಯಾವ ಸೆಲ್ ಎಂತ ಮಾಡ್ತದೆ, ಗುರುತಿಸೋದು ಹೇಗೆ?

ಬದಿಯಡ್ಕ, ಮುಳ್ಳೇರಿಯ ಕಡೆಯವ್ರು ಕಿಡ್ನಿ ತೊಂದ್ರೆ ಅಂದ್ರೆ ಹೆಚ್ಚಾಗಿ ಮಂಗಳೂರಿಗೇ ಬಸ್ ಹತ್ತೋದು, ಬಯಾಪ್ಸಿ (ಕಿಡ್ನಿಯ ಸಣ್ಣ ಚೂರು ತೆಗೆದು ಮೈಕ್ರೋಸ್ಕೋಪಲ್ಲಿ ನೋಡೋದು) ಆಗಿ ರಿಪೋರ್ಟ್ ಕೈಗೆ ಬಂದ್ರೆ ಅದ್ರಲ್ಲಿ ಲಿಂಫೋಸೈಟ್, ಮ್ಯಾಕ್ರೋಫೇಜ್ ಅಂತ ಎಂತೆಂತದೋ ಹೆಸ್ರು. ಹೆದ್ರೋದು ಬೇಡ ಮಾರಾಯ್ರೆ, ಇವೆಲ್ಲ ನಮ್ಮದೇ ರೋಗನಿರೋಧಕ ಸೆಲ್ಲುಗಳು.

ಮೊದಲು ಜಾಗ ನೋಡಿ. ರಕ್ತ ಸೋಸೋ ಗ್ಲೊಮೆರುಲಸ್ಸಾ, ಮೂತ್ರ ಹರಿಯೋ ಟ್ಯೂಬ್ಯೂಲಾ, ಇವುಗಳ ನಡುವಿನ ಇಂಟರ್‌ಸ್ಟಿಶಿಯಮ್ಮಾ ಅಂತ ಬರೆದೇ ಇರ್ತಾರೆ. ನನ್ನ ಕೇಳಿದ್ರೆ ಸೆಲ್ಲಿನ ಹೆಸರಿನಷ್ಟೇ ಮುಖ್ಯ ಇದು, ಯಾಕಂದ್ರೆ ಆರೋಗ್ಯವಾಗಿರೋ ಕಿಡ್ನಿಯಲ್ಲೂ ಇಂಟರ್‌ಸ್ಟಿಶಿಯಮ್ಮಲ್ಲಿ ಮ್ಯಾಕ್ರೋಫೇಜ್, ಡೆಂಡ್ರಿಟಿಕ್ ಸೆಲ್ಲುಗಳು (ಇವೂ ಕಾವಲು ಕಾಯೋ ರೋಗನಿರೋಧಕ ಸೆಲ್ಲುಗಳೇ) ಕಾಯಂ ಇರ್ತಾವೆ, ನಾಲ್ಕು ಕಂಡ ಕೂಡ್ಲೆ ಕಾಯಿಲೆ ಅಂತ ಅಲ್ಲ.

ಆಮೇಲೆ ನ್ಯೂಕ್ಲಿಯಸ್, ಅಂದ್ರೆ ಸೆಲ್ಲಿನ ಒಳಗಿನ ಬೀಜ. ನ್ಯೂಟ್ರೋಫಿಲ್‌ದು ಮೂರ್ನಾಲ್ಕು ಭಾಗ ಆಗಿರ್ತದೆ; ಯೂರಿನ್ ಟೆಸ್ಟಲ್ಲಿ ಪಸ್ ಸೆಲ್ ಅಂತಾರಲ್ಲ, ಹೆಚ್ಚಾಗಿ ಇದೇ. ಬ್ಯಾಕ್ಟೀರಿಯಾ ನುಂಗೋದು ಕೆಲ್ಸ, ಟ್ಯೂಬ್ಯೂಲ್ ಒಳಗೆ ಗುಂಪು ಕಟ್ಟಿದ್ರೆ ಇನ್‌ಫೆಕ್ಷನ್ ಕಿಡ್ನಿಗೇ ಏರಿದೆಯಾ ಅಂತ ಡೌಟು ಬರ್ತದೆ. ಲಿಂಫೋಸೈಟ್ ಚಿಕ್ಕದು, ದುಂಡು ನ್ಯೂಕ್ಲಿಯಸ್ಸೇ ಸೆಲ್ ತುಂಬ. ಪ್ಲಾಸ್ಮಾ ಸೆಲ್ಲಲ್ಲಿ ಅದು ಒಂದು ಬದಿಗೆ ಸರಿದಿರ್ತದೆ, ಆ್ಯಂಟಿಬಾಡಿ ತಯಾರಾಗೋದು ಇಲ್ಲೇ. ಇಯೋಸಿನೋಫಿಲ್‌ಗೆ ಎರಡು ಭಾಗ, ಸುತ್ತ ಕೆಂಪು-ಕಿತ್ತಳೆ ಕಣಗಳು. ಇದು ಇಂಟರ್‌ಸ್ಟಿಶಿಯಮ್ಮಲ್ಲಿ ತುಂಬ ಕಂಡ್ರೆ ಡಾಕ್ಟ್ರು ಮಾತ್ರೆಗಳ ಲಿಸ್ಟ್ ಕೇಳ್ತಾರೆ: ನೋವಿನ ಮಾತ್ರೆ, ಆ್ಯಂಟಿಬಯೋಟಿಕ್, ಗ್ಯಾಸ್ಟ್ರಿಕ್‌ಗೆ ಅಂತ ತಿಂಗಳುಗಟ್ಲೆ ನುಂಗೋ ಒಮೆಪ್ರಜೋಲ್, ಇದ್ರಲ್ಲಿ ಯಾವುದಕ್ಕೂ ಕಿಡ್ನಿ ಅಲರ್ಜಿ ತೋರಿಸ್ಬಹುದು. ಚೀಟಿ ಇಲ್ದೆ ಮೆಡಿಕಲ್ಲಿಂದ ತಂದದ್ದನ್ನೂ ಹೇಳಿಬಿಡಿ. ಇಯೋಸಿನೋಫಿಲ್ ಇಲ್ಲ ಅಂದ ಮಾತ್ರಕ್ಕೆ ಮಾತ್ರೆದು ತಪ್ಪಿಲ್ಲ ಅಂತಾಗೋದಿಲ್ಲ.

ಟಿ ಸೆಲ್, ಬಿ ಸೆಲ್ ಎರಡೂ ಲಿಂಫೋಸೈಟೇ, ಕಣ್ಣಿಗೆ ಒಂದೇ ಥರ, ಹಾಗಾಗಿ ಬೇಕಾದಾಗ ಸ್ಪೆಶಲ್ ಸ್ಟೇನ್ (ಬಣ್ಣ) ಹಾಕ್ತಾರೆ. ಅದು ಹಿಡಿಯೋದು ಸಿಡಿ ಅಂತ ನಂಬರ್ ಕೊಟ್ಟ, ಸೆಲ್ಲಿನ ಗುರುತಿನ ಪ್ರೊಟೀನುಗಳನ್ನ. ಸಿಡಿ3 ಹಿಡಿದ್ರೆ ಟಿ, ಸಿಡಿ20 ಹಿಡಿದ್ರೆ ಬಿ, ಸಿಡಿ68 ಅಂದ್ರೆ ಮ್ಯಾಕ್ರೋಫೇಜ್. ಟಿ ಒಳಗೂ ಸಿಡಿ4 ಬೇರೆ ಸೆಲ್ಲುಗಳನ್ನ ಕೆಲ್ಸಕ್ಕೆ ಹಚ್ಚೋದು, ಸಿಡಿ8 ನೇರ ಕೊಲ್ಲೋದು. ಅದೇ ರಿಪೋರ್ಟಲ್ಲಿ ಐಜಿಎ, ಸಿ3 ಅಂತ ಇದ್ರೆ ಅದು ಸೆಲ್ ಅಲ್ಲ, ಪ್ರೊಟೀನು.

ಮ್ಯಾಕ್ರೋಫೇಜ್ ಮಾತ್ರ ಎರಡು ಮುಖದ ಆಸಾಮಿ. ಮಳೆಗಾಲದಲ್ಲಿ ಕಾಲಿಗೆ ಗಾಯ ಇದ್ದೂ ಅಡಿಕೆ ತೋಟದ ನೀರಿಗೆ ಇಳಿದವ್ರಿಗೆ ಇಲಿಜ್ವರ ಬಂತು ಅಂತಿಟ್ಕೊಳ್ಳಿ, ರೋಗಾಣು ಟ್ಯೂಬ್ಯೂಲಿಗೆ ಸೇರಿದಾಗ ಲಿಂಫೋಸೈಟ್ ಜೊತೆ ಇದೂ ಬಂದು ಸತ್ತ ಸೆಲ್ಲುಗಳನ್ನ ತಿಂದು ಉರಿಯೂತ ಏರಿಸ್ತದೆ, ಆಮೇಲೆ ಇದೇ ಜಾತಿ ರಿಪೇರಿಗೂ ನಿಲ್ತದೆ, ಆದ್ರೆ ಉರಿಯೂತ ತಿಂಗಳುಗಟ್ಲೆ ಇಳೀದಿದ್ರೆ ಇದ್ರಿಂದ್ಲೇ ಫೈಬ್ರೋಸಿಸ್, ಅಂದ್ರೆ ಕಲೆ, ಅದು ವಾಪಸ್ ಹೋಗೋದು ಕಷ್ಟ.

ಕಿಡ್ನಿ ಕಸಿ ಮಾಡಿಸಿದವ್ರಿಗೆ ಜಾಗದ ಲೆಕ್ಕ ಇನ್ನೂ ಗಟ್ಟಿ. ಟಿ ಸೆಲ್ ಇಂಟರ್‌ಸ್ಟಿಶಿಯಮ್ಮಲ್ಲಿ ಸ್ವಲ್ಪ ಇದ್ರೆ ಒಂದು ಮಾತು, ಟ್ಯೂಬ್ಯೂಲಿನ ಗೋಡೆ ಒಳಗೇ ನುಗ್ಗಿದ್ರೆ ಟ್ಯೂಬ್ಯುಲೈಟಿಸ್, ರಿಜೆಕ್ಷನ್ನಿನ, ಅಂದ್ರೆ ಕಸಿ ಮಾಡಿದ ಕಿಡ್ನಿಯನ್ನ ದೇಹ ಒಪ್ಪದೆ ಇರೋದರ, ಮುಖ್ಯ ಗುರುತು. ಕಸಿ ಕಿಡ್ನಿಯ ಬಯಾಪ್ಸಿಗೆ ಅಂಕ ಹಾಕೋ ಬ್ಯಾನ್ಫ್ ಪದ್ಧತಿಯಲ್ಲಿ (ಇಲ್ಲಿ ಟಿ ಅಂದ್ರೆ ಟ್ಯೂಬ್ಯುಲೈಟಿಸ್, ಟಿ ಸೆಲ್ ಅಲ್ಲ) ಒಂದು ಟ್ಯೂಬ್ಯೂಲಿಗೆ 1ರಿಂದ 4 ಸೆಲ್ ಇದ್ರೆ ಟಿ1, 5ರಿಂದ 10 ಇದ್ರೆ ಟಿ2, 10 ದಾಟಿದ್ರೆ ಟಿ3.