ಮೆಟ್ಟಿಲ ಮುಂದಿನ ಮೂರಡಿ

ಬೆಂಗಳೂರಿನ ಗಾಂಧಿಬಜಾರಿನಲ್ಲಿ ನನ್ನದು ಗ್ರಂಥಿಗೆ ಅಂಗಡಿ. ಅರಿಶಿನ, ಕುಂಕುಮ, ಕರ್ಪೂರ, ಊದಿನಕಡ್ಡಿ, ಹೋಮದ ಸಾಮಾನು ಎಲ್ಲಾ ಸಿಗುತ್ತೆ. ಎದುರಿಗೆ ಫುಟ್‌ಪಾತ್ ಮೇಲೆ ಒಬ್ಬ ಅಕ್ಕ ಹೂವು ಮಾರುತ್ತಾರೆ. ನಮ್ಮಪ್ಪ ಗಲ್ಲಾದಲ್ಲಿ ಕೂರುವಾಗ ಅದೇ ಜಾಗದಲ್ಲಿ ಈ ಅಕ್ಕನ ತಾಯಿ ಕೂರುತ್ತಿದ್ದರು.

ಮೊದಲು ನಮ್ಮಿಬ್ಬರಿಗೂ ದಿನಾ ಜಗಳ. ಅವರ ಬುಟ್ಟಿ ನನ್ನ ಮೆಟ್ಟಿಲಿಗೆ ಅಡ್ಡ. ಮಳೆ ಬಂದರೆ ಅವರ ಟಾರ್ಪಾಲಿನ ನೀರು ನೇರ ನನ್ನ ಸಾಮಾನಿನ ಮೇಲೆ. ಒಮ್ಮೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಒಂದು ಪೆಟ್ಟಿಗೆ ಊದಿನಕಡ್ಡಿ ಪೂರ್ತಿ ನೆನೆದುಹೋಯಿತು. ನಾನು ಕೂಗಾಡಿದೆ. ಅಕ್ಕನೂ ಬಿಡಲಿಲ್ಲ. "ನನ್ನ ಹತ್ರ ಹೂವಿಗೆ ಬಂದೋರೇ ಅಲ್ವಾ ಅಣ್ಣ, ನಿಮ್ಮ ಮೆಟ್ಟಿಲು ಹತ್ತೋದು?" ಅಂದರು. ಒಂದು ವಾರ ಸುಮ್ನೆ ಕೂತು ನೋಡಿದೆ. ನಿಜ. ಎರಡು ಮೊಳ ಸೇವಂತಿಗೆ ತಗೊಂಡವರು ಹಾಗೇ ತಿರುಗಿ ಕರ್ಪೂರಕ್ಕೆ ಒಳಗೆ ಬರುತ್ತಿದ್ದರು.

ಆಮೇಲೆ ನಾನೇ ಟೇಪು ಹಿಡಿದು ಹೊರಗೆ ಬಂದೆ. ಮೆಟ್ಟಿಲ ಮುಂದೆ ಮೂರಡಿ ಖಾಲಿ, ಜನ ನಡೆಯೋಕೆ ಜಾಗ ಬಿಟ್ಟು ಉಳಿದದ್ದು ಅವರಿಗೆ ಅಂತ ಸುಣ್ಣದಲ್ಲಿ ಗೆರೆ ಎಳೆದೆವು. ಟಾರ್ಪಾಲಿನ ಹಗ್ಗವನ್ನು ನನ್ನ ಶಟರಿನ ಮೇಲಿನ ಕೊಕ್ಕೆಗೇ ಕಟ್ಟಿಸಿದೆ. ನನ್ನ ಕಡೆ ಎತ್ತರ, ರಸ್ತೆ ಕಡೆ ತಗ್ಗು. ನೀರು ಮೋರಿಗೆ ಹೋಯಿತು.

ಕಷ್ಟವಾದದ್ದು ಯಾರು ಏನು ಮಾರಬೇಕು ಅನ್ನೋದು. ನಾನು ವೀಳ್ಯದೆಲೆ, ಗರಿಕೆ, ಮಾವಿನೆಲೆ ಇಡುತ್ತಿದ್ದೆ. ಅವರು ಕರ್ಪೂರ, ಬತ್ತಿ ಇಡುತ್ತಿದ್ದರು. ಇಬ್ಬರಿಗೂ ಬಿಡೋಕೆ ಮನಸ್ಸಿಲ್ಲ. ಕೊನೆಗೆ ಹಸಿಯದ್ದೆಲ್ಲ ಅವರದು, ಒಣಗಿದ್ದೆಲ್ಲ ನನ್ನದು ಅಂತಾಯಿತು. ಎಲೆಯ ಲಾಭ ಹೋಯಿತು, ದಿನಾ ಕೊಳೆತ ಎಲೆ ಎಸೆಯುವ ನಷ್ಟವೂ ಹೋಯಿತು.

ರಾತ್ರಿ ಉಳಿದ ಹೂವನ್ನು ಒದ್ದೆ ಗೋಣಿ ಸುತ್ತಿ ನನ್ನ ಅಂಗಡಿಯೊಳಗೆ ಇಡುತ್ತಿದ್ದರು. ಮಲ್ಲಿಗೆಗೆ ಕರ್ಪೂರದ ವಾಸನೆ ಹತ್ತುತ್ತೆ ಅಂತ ಅವರೇ ಹೇಳಿದ ಮೇಲೆ ಮೆಟ್ಟಿಲ ಕೆಳಗಿನ ಗೂಡು ಖಾಲಿ ಮಾಡಿ, ಬಾಗಿಲು ಹಾಕಿಸಿ, ಒಂದು ಬೀಗದ ಕೈ ಅವರಿಗೇ ಕೊಟ್ಟೆ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ನಿಂದ ಮಾಲು ತಂದು ಅವರು ಆರಕ್ಕೇ ಕೂತಿರುತ್ತಾರೆ. ನಾನು ಬರೋದು ಒಂಬತ್ತಕ್ಕೆ. ಅಷ್ಟರೊಳಗೆ ಬಂದ ಪಾರ್ಸೆಲ್ ಅವರೇ ಇಸಿದುಕೊಂಡಿರುತ್ತಾರೆ.

ದಿನಕ್ಕಿಷ್ಟು ಅಂತ ಬಾಡಿಗೆ ತಗೋ ಎಂದು ಹೇಳಿದವರು ಇದ್ದಾರೆ. ಫುಟ್‌ಪಾತ್ ನನ್ನದಲ್ಲ, ಅದಕ್ಕೆ ಬಾಡಿಗೆ ಕೇಳೋದು ತಪ್ಪು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು. ಅಂಗಡಿಯವರ ಸಂಘಕ್ಕೂ ಅದೇ ಸಮಿತಿಯಲ್ಲಿ ಜಾಗವಿದೆ. ಇದನ್ನು ನಮ್ಮ ಸಾಲಿನ ಅಂಗಡಿಯವರಿಗೆ ನಾನು ಸಿಕ್ಕಾಗಲೆಲ್ಲ ಹೇಳುತ್ತೇನೆ. ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಸ್ವನಿಧಿ ಯೋಜನೆಯಲ್ಲಿ, ಆಗ 10,000 ರೂಪಾಯಿ ಇದ್ದ ಮೊದಲ ಸಾಲಕ್ಕೆ ಅಕ್ಕ ಅರ್ಜಿ ತುಂಬಿದ್ದು ನನ್ನ ಗಲ್ಲಾ ಪಕ್ಕ ಕೂತೇ.

2023ರಲ್ಲಿ ರಸ್ತೆ ಕೆಲಸ ನಡೆಯುವಾಗ ಅಕ್ಕ ಬೇರೆ ಕಡೆ ಕೂರಬೇಕಾಯಿತು. ಆ ದಿನಗಳಲ್ಲಿ ಸಂಜೆ ಗಲ್ಲಾ ಎಣಿಸೋಕೆ ಬೇಜಾರಾಗುತ್ತಿತ್ತು. ರಸ್ತೆ ಅಗೆದದ್ದೂ ಕಾರಣ, ಅಕ್ಕ ಇಲ್ಲದ್ದೂ ಕಾರಣ.

ಈಗ ಗಣಪತಿ ಹಬ್ಬಕ್ಕೆ ನಾನು ಬರೆದುಕೊಡುವ ಸಾಮಾನಿನ ಚೀಟಿ ಮಧ್ಯೆ ಒಂದು ಗೆರೆ ಇರುತ್ತೆ. ಮೇಲಿನದ್ದು ನಾನು ಕಟ್ಟಿಕೊಡುತ್ತೇನೆ. ಗೆರೆ ಕೆಳಗೆ ಗರಿಕೆ, ಎಕ್ಕದ ಹೂವು, ಮಾವಿನೆಲೆ, ಬಾಳೆಕಂದು. ಗಿರಾಕಿ ಅದೇ ಚೀಟಿ ಹಿಡಿದು ಮೆಟ್ಟಿಲಿಳಿದು ಅಕ್ಕನ ಕೈಗೆ ಕೊಡುತ್ತಾರೆ.